ರೈಲು ಮೇಜಿನ ಕೆಳಗೆ ಕೂತವರು

ಬೆಂಗಳೂರಿನ ಐಟಿ ಆಫೀಸುಗಳಲ್ಲಿ ವರ್ಷಕ್ಕೊಮ್ಮೆಯಾದ್ರೂ ಹ್ಯಾಕಥಾನ್ ಅನ್ನೋ ಹಬ್ಬ ನಡೆಯುತ್ತೆ. ಪಿಜ್ಜಾ, ಟೀ ಶರ್ಟು, ರಾತ್ರಿಯೆಲ್ಲ ಕೋಡಿಂಗು, ಕೊನೆಗೊಂದು ಬಹುಮಾನ. ಈ ‘ಹ್ಯಾಕ್’ ಪದಕ್ಕೆ ನಮ್ಮ ಕಸುಬಿನಲ್ಲಿರೋ ಅರ್ಥ ಎಲ್ಲಿಂದ ಬಂತು ಗೊತ್ತಾ? ಕಂಪ್ಯೂಟರಿಗಿಂತ ಮೊದಲು ಅದು ಓಡಾಡಿದ್ದು ಮಾದರಿ ರೈಲು ಓಡಿಸೋ ಒಂದು ಕ್ಲಬ್ಬಿನಲ್ಲಿ.

ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ವಿದ್ಯಾರ್ಥಿಗಳು ಸೇರಿ ‘ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್’ ಶುರು ಮಾಡಿದ್ರು. ಎರಡನೇ ಮಹಾಯುದ್ಧದ ಹೊತ್ತಲ್ಲಿ ರಾಡಾರ್ ಸಂಶೋಧನೆಗೆ ಅಂತ ಅವಸರದಲ್ಲಿ ಕಟ್ಟಿದ್ದ ‘ಬಿಲ್ಡಿಂಗ್ 20’ ಎಂಬ ಮರದ ಕಟ್ಟಡದಲ್ಲಿ ಅವರ ಕೋಣೆ. ರೈಲಿನ ಅಳತೆ ಎಚ್‌ಒ, ಅಂದ್ರೆ ನಿಜವಾದ ರೈಲಿನ 87ನೇ ಒಂದು ಭಾಗ. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ನಾವು ಊರಿಗೆ ಹೋಗೋ ರೈಲಿನ ಒಂದು ಬೋಗಿಯನ್ನ ಈ ಅಳತೆಗೆ ಇಳಿಸಿದ್ರೆ ಸುಮಾರು 25 ಸೆಂಟಿಮೀಟರ್ ಆಗುತ್ತೆ. ಸ್ಕೂಲ್ ಬ್ಯಾಗಿನ ಸ್ಕೇಲಿಗಿಂತ ಚಿಕ್ಕದು.

ಆ ಕ್ಲಬ್ಬಿನಲ್ಲಿ ಎರಡು ಗುಂಪು. ಒಂದು ಗುಂಪು ಮೇಜಿನ ಮೇಲೆ: ಬೆಟ್ಟ, ಮನೆ, ಮರ ಮಾಡೋರು, ಬೋಗಿಗೆ ಬಣ್ಣ ಹಚ್ಚೋರು. ಇನ್ನೊಂದು ಗುಂಪಿನ ಹೆಸರು ‘ಸಿಗ್ನಲ್ಸ್ ಅಂಡ್ ಪವರ್’. ಇವರ ವಾಸವೆಲ್ಲ ಮೇಜಿನ ಕೆಳಗೆ, ವೈರುಗಳ ಮಧ್ಯೆ.

ಆಟದ ರೈಲಿಗೆ ಅಷ್ಟೊಂದು ವೈರ್ ಯಾಕೆ? ಮಾದರಿ ರೈಲಿಗೆ ಕರೆಂಟ್ ಬರೋದು ಹಳಿಯಿಂದ. ಹಳಿಯಲ್ಲಿ ವೋಲ್ಟೇಜ್ ಜಾಸ್ತಿ ಮಾಡಿದ್ರೆ ಎಂಜಿನ್ ಜೋರಾಗಿ ಓಡುತ್ತೆ, ಧ್ರುವ ಬದಲಿಸಿದ್ರೆ ಹಿಂದಕ್ಕೆ ಓಡುತ್ತೆ. ಒಂದೇ ಎಂಜಿನ್ ಇರೋವರೆಗೂ ತೊಂದರೆ ಇಲ್ಲ. ಎರಡನೇದನ್ನ ಇಟ್ಟ ತಕ್ಷಣ ಎರಡೂ ಒಟ್ಟಿಗೆ ಹೊರಡ್ತವೆ, ಒಟ್ಟಿಗೆ ನಿಲ್ತವೆ. ಅದಕ್ಕೇ ಹಳಿಯನ್ನ ತುಂಡು ತುಂಡಾಗಿ ಬೇರ್ಪಡಿಸ್ತಾರೆ. ಪ್ರತಿ ತುಂಡಿಗೂ ಬೇರೆ ವೈರು, ಬೇರೆ ಸ್ವಿಚ್ಚು. ರೈಲು ಒಂದು ತುಂಡಿನಿಂದ ಮುಂದಿನದಕ್ಕೆ ದಾಟುವಾಗ ಅದರ ಕಂಟ್ರೋಲೂ ಜೊತೆಗೇ ದಾಟಬೇಕು. ಐದಾರು ಜನ ಐದಾರು ರೈಲು ಓಡಿಸ್ತಿದ್ದಾರೆ ಅಂದ್ರೆ ಲೆಕ್ಕ ಹಾಕಿ.

ಈ ಸಮಸ್ಯೆಗೆ ಆ ಹುಡುಗರು ಬಳಸಿದ್ದು ಟೆಲಿಫೋನ್ ಎಕ್ಸ್‌ಚೇಂಜಿನ ರಿಲೇಗಳನ್ನ. ಫೋನಿನ ಡಯಲ್ ತಿರುಗಿಸಿದ್ರೆ ಬೇಕಾದ ಹಳಿಯ ತುಂಡು ನಿಮ್ಮ ಕೈಗೆ ಬರುತ್ತೆ. ಜಾಣತನದಿಂದ, ಮಾಡೋ ಖುಷಿಗೇ ಅಂತ ಮಾಡಿದ ಇಂಥ ಕೆಲಸಕ್ಕೆ ಅವರು ಇಟ್ಟ ಹೆಸರೇ ‘ಹ್ಯಾಕ್’. 1959ರಲ್ಲಿ ಪೀಟರ್ ಸ್ಯಾಮ್ಸನ್ ಎಂಬ ಸದಸ್ಯ ಕ್ಲಬ್ಬಿನ ಪದಕೋಶವನ್ನೇ ಮಾಡಿದ. ಅದರಲ್ಲಿ ಈ ಪದವೂ ಇದೆ.

ಮುಂದಿನದು ನಮಗೆ ಗೊತ್ತಿರೋ ಇತಿಹಾಸ. ಹಿಂದೆ ಇದೇ ಕ್ಲಬ್ಬಿನಲ್ಲಿದ್ದ ಜ್ಯಾಕ್ ಡೆನಿಸ್ ಇವರಿಗೆ ಟಿಎಕ್ಸ್-0 ಕಂಪ್ಯೂಟರ್ ತೋರಿಸಿದ್ರು. ಆಮೇಲೆ ಪಿಡಿಪಿ-1 ಬಂತು. 1962ರಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಅದರ ಮೇಲೆ ‘ಸ್ಪೇಸ್‌ವಾರ್’ ಆಟ ಬರೆದ್ರು. ಆ ಆಟಕ್ಕೆ ಬೇಕಾದ ಕೈಪೆಟ್ಟಿಗೆಗಳನ್ನ ಇಬ್ಬರು ಸದಸ್ಯರು ರೈಲು ಕೋಣೆಯಲ್ಲಿ ಬಿದ್ದಿದ್ದ ಸಾಮಾನಿನಿಂದಲೇ ಜೋಡಿಸಿದ್ರಂತೆ. ಸ್ಟೀವನ್ ಲೆವಿ 1984ರಲ್ಲಿ ಬರೆದ ‘ಹ್ಯಾಕರ್ಸ್’ ಪುಸ್ತಕ ಶುರುವಾಗೋದೇ ಈ ಕ್ಲಬ್ಬಿನಿಂದ. ನಾನು ಇದನ್ನ ಅಮ್ಮನಿಗೆ ಹೇಳಿದಾಗ, “ಓದೋಕೆ ಅಂತ ಕಳಿಸಿದ್ರೆ ರೈಲಾಟ ಆಡ್ತಿದ್ರಾ?” ಅಂದ್ರು. ಅಮ್ಮನ ಪ್ರಶ್ನೆ ಸರಿಯಾಗೇ ಇದೆ!

ಈಗ ಮಾದರಿ ರೈಲು ಕ್ಲಬ್ಬುಗಳಲ್ಲಿ ಅಷ್ಟು ವೈರಿನ ಗೋಜಿಲ್ಲ. 1990ರ ದಶಕದಲ್ಲಿ ಡಿಸಿಸಿ ಅನ್ನೋ ಡಿಜಿಟಲ್ ಪದ್ಧತಿ ಬಂತು. ಹಳಿಯಲ್ಲಿ ಯಾವಾಗಲೂ ಪೂರ್ತಿ ಕರೆಂಟ್ ಇರುತ್ತೆ. ಅದೇ ಕರೆಂಟು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸ್ತಾ ಸಂದೇಶ ಸಾಗಿಸುತ್ತೆ. 58 ಮೈಕ್ರೋಸೆಕೆಂಡಿನ ಮಿಡಿತ ಬಂದ್ರೆ ಒಂದು, 100 ಮೈಕ್ರೋಸೆಕೆಂಡಿನದು ಬಂದ್ರೆ ಸೊನ್ನೆ. ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲಿ ಒಂದು ಡಿಕೋಡರ್, ಅದಕ್ಕೊಂದು ವಿಳಾಸ. ಸಂದೇಶ ಎಲ್ಲರಿಗೂ ಕೇಳಿಸುತ್ತೆ, ವಿಳಾಸ ಇದ್ದವನು ಮಾತ್ರ ಕೇಳ್ತಾನೆ. ಕೊನೆಯಲ್ಲಿ ತಪ್ಪು ಹಿಡಿಯೋಕೆ ಒಂದು ಬೈಟ್ ಕೂಡ ಇದೆ. ನೆಟ್‌ವರ್ಕಿಂಗ್ ಪೇಪರಿನಲ್ಲಿ ಓದಿದ್ದೆಲ್ಲ ಇಲ್ಲಿ ಗಾಲಿ ಹಾಕ್ಕೊಂಡು ಓಡ್ತಿದೆ.

ನನಗೆ ಆ ಕ್ಲಬ್ಬಿನಲ್ಲಿ ತುಂಬ ಇಷ್ಟವಾದದ್ದು ಅವರ ಒಂದು ನಿಯಮ. ಹೊಸ ಸದಸ್ಯ 40 ಗಂಟೆ ರೈಲು ಮೇಜಿನ ಮೇಲೆ ಕೆಲಸ ಮಾಡಿದ್ರೆ ಅವನಿಗೆ ಕೋಣೆಯ ಬೀಗದಕೈ. ಮಾರ್ಕ್ಸ್ ಎಷ್ಟು, ಮಾತು ಹೇಗೆ ಅಂತ ಆ ಲೆಕ್ಕದಲ್ಲಿ ಬರೋದಿಲ್ಲ. ಆ ಕಾಲದ ಕಥೆಯಲ್ಲಿ ಬರೋ ಹೆಸರುಗಳೆಲ್ಲ ಗಂಡಸರವೇ, ಅದೊಂದು ಕೊರತೆ ಇದ್ದೇ ಇದೆ. ಆದರೆ ಮೇಜಿನ ಕೆಳಗೆ ಕೂತವರನ್ನ ಅವರು ಮೇಲಿದ್ದವರಿಗಿಂತ ಕಮ್ಮಿ ಅಂತ ನೋಡಲಿಲ್ಲ. ರಿಲೇ ಸರಿಯಾಗಿ ಬೀಳದಿದ್ರೆ ಚಂದದ ಬೆಟ್ಟದ ಪಕ್ಕ ರೈಲು ಸುಮ್ಮನೆ ನಿಂತಿರುತ್ತೆ ಅನ್ನೋದು ಎಲ್ಲರಿಗೂ ಕಾಣ್ತಿತ್ತು.

ಇದು ಯಾಕೆ ನೆನಪಾಯ್ತು ಅಂದ್ರೆ, ನಮ್ಮ ಟೀಮಿನಲ್ಲಿ ಒಬ್ಬರಿದ್ದಾರೆ. ರಿಲೀಸ್ ಸ್ಕ್ರಿಪ್ಟು, ಬ್ಯಾಕಪ್ಪು, ಮಧ್ಯರಾತ್ರಿಯ ಅಲರ್ಟು ಎಲ್ಲ ಅವರ ತಲೆ ಮೇಲೆ. ಡೆಮೊ ಕೊಡೋದು ನಮ್ಮಂಥವರು, ಚಪ್ಪಾಳೆ ಬೀಳೋದೂ ನಮಗೇ. ಈ ಸಲದ ಅಪ್ರೈಸಲ್‌ನಲ್ಲಿ ಅವರಿಗೆ ಬಂದ ಮಾತು, ‘ವಿಸಿಬಿಲಿಟಿ ಸಾಲದು.’ ಎಲ್ಲವೂ ಸರಿಯಾಗಿ ನಡೆದಾಗ ಕಾಣಿಸದೇ ಇರೋದೇ ಆ ಕೆಲಸದ ಗುಣ. ಅವರೀಗ ರೆಸ್ಯೂಮೆ ತಿದ್ದುತ್ತಿದ್ದಾರೆ. ಹೋದ ವಾರ ಊಟದ ಹೊತ್ತಲ್ಲಿ ಅವರೇ ಹೇಳಿದ್ರು. “ಹೋಗ್ಬೇಡಿ ಸರ್” ಅಂತ ಬಾಯಿಮಾತಲ್ಲಿ ಹೇಳೋದು ಸುಲಭ. ಅದರ ಬದಲು ಅವರು ಈ ವರ್ಷ ತಪ್ಪಿಸಿದ ಅಪಾಯಗಳನ್ನ ತಾರೀಕಿನ ಸಮೇತ ಪಟ್ಟಿ ಮಾಡಿ ಮ್ಯಾನೇಜರಿಗೆ ಮೇಲ್ ಹಾಕಿದ್ದೀನಿ. ಹನ್ನೊಂದು ಸಾಲು ಆಯ್ತು. ಉತ್ತರ ಇನ್ನೂ ಬಂದಿಲ್ಲ.

ನಿಮ್ಮ ಟೀಮಿನಲ್ಲೂ ಇಂಥವರು ಒಬ್ಬರು ಇದ್ದೇ ಇರ್ತಾರೆ. ಫೀಡ್‌ಬ್ಯಾಕ್ ಫಾರ್ಮ್ ಬಂದಾಗ ‘ಗುಡ್ ಟೀಮ್ ಪ್ಲೇಯರ್’ ಅಂತ ಗೀಚಿ ಮುಗಿಸಬೇಡಿ. ಯಾವ ದಿನ, ಏನು ಕೆಟ್ಟಿತ್ತು, ಅವರು ಏನು ಮಾಡಿದ್ರು ಅಂತ ಬರೀರಿ. ಹತ್ತು ನಿಮಿಷದ ಕೆಲಸ.

ಇನ್ನು ಮಾದರಿ ರೈಲು ಓಡೋದನ್ನ ಕಣ್ಣಾರೆ ನೋಡೋಕೆ ಅಮೆರಿಕದವರೆಗೂ ಹೋಗ್ಬೇಕಿಲ್ಲ. ಪುಣೆಯ ಕೊತ್ರೂಡ್‌ನಲ್ಲಿ ಜೋಶಿ ಅವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಇದೆ. ಒಂದು ವೀಕೆಂಡ್ ಮನೆಯವರ ಜೊತೆ ಹೋಗಿಬನ್ನಿ. ಮಕ್ಕಳು ಮೇಲಿನ ರೈಲು ನೋಡ್ಲಿ, ನೀವು ಒಮ್ಮೆ ಬಗ್ಗಿ ಮೇಜಿನ ಕೆಳಗೆ ಏನು ಕಾಣುತ್ತೆ ನೋಡಿ.