ಗಣಿ ಮುಚ್ಚಿತು, ಚರ್ಚು ಉಳಿಯಿತು

ಕೆಜಿಎಫ್ ಅಂದರೆ ಈಗ ಎಲ್ಲರಿಗೂ ಸಿನಿಮಾನೇ ನೆನಪಾಗೋದು. ನಿಜವಾದ ಕೆಜಿಎಫ್‌ಗೆ ಗಣಿ ಕೆಲಸದ ಕಸುಬು ತಂದವರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯವರೂ ಇದ್ದರು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಜೊತೆ ಬಂದವರು. ಅದೇ ಸೀಮೆಯ ಜನ ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಆಸ್ಟ್ರೇಲಿಯಕ್ಕೆ ಹೋಗಿ ಒಂದು ಚರ್ಚು ಕಟ್ಟಿದ್ದರು. ಈ ವಾರ ಅದರ ಕಥೆ.

ಊರು ಮೂಂಟಾ, ಅಡಿಲೇಡ್‌ನಿಂದ ಸುಮಾರು 165 ಕಿಲೋಮೀಟರ್. 1861ರಲ್ಲಿ ಪ್ಯಾಟ್ರಿಕ್ ರಯಾನ್ ಅನ್ನೋ ಕುರಿ ಕಾಯುವವನಿಗೆ ಅಲ್ಲಿ ತಾಮ್ರದ ಅದಿರು ಕಂಡಿತು. ಗಣಿ ಕೆಲಸ ಬಲ್ಲ ಕಾರ್ನ್‌ವಾಲ್‌ನವರು ಸಂಸಾರ ಸಮೇತ ಬಂದಿಳಿದರು. ಬರುವಾಗ ಮಾಂಸ, ಆಲೂಗಡ್ಡೆ ತುಂಬಿದ ತಮ್ಮ ಪಾಸ್ಟಿಯನ್ನೂ ತಂದರು, ಮೆಥೋಡಿಸ್ಟ್ ಪಂಥವನ್ನೂ ತಂದರು. 1865ರಲ್ಲಿ ಗಣಿಯ ಪಕ್ಕದಲ್ಲೇ ಎದ್ದು ನಿಂತದ್ದು ಮೂಂಟಾ ಮೈನ್ಸ್ ಮೆಥೋಡಿಸ್ಟ್ ಚರ್ಚು. ಅದರಲ್ಲಿ 1,250 ಜನ ಕೂರಬಹುದು! ನಮ್ಮೂರಿನ ಕಲ್ಯಾಣ ಮಂಟಪಗಳಲ್ಲೂ ಅಷ್ಟು ಕುರ್ಚಿ ಇರೋದು ಅಪರೂಪ.

ನನಗೆ ಕುತೂಹಲ ಹುಟ್ಟಿಸಿದ್ದು ಕಟ್ಟಡದ ಗಾತ್ರ ಅಲ್ಲ. ಮೆಥೋಡಿಸ್ಟರಲ್ಲಿ ಉಪದೇಶ ಮಾಡೋಕೆ ಪಾದ್ರಿಯೇ ಆಗಿರಬೇಕು ಅಂತಿಲ್ಲ. ವಾರವೆಲ್ಲ ಸುರಂಗದಲ್ಲಿ ಬಂಡೆ ಒಡೆದವನು ಭಾನುವಾರ ತೊಳೆದ ಅಂಗಿ ಹಾಕಿಕೊಂಡು ವೇದಿಕೆ ಹತ್ತಬಹುದಿತ್ತು. ಸಭೆ ನಡೆಸೋದು, ಲೆಕ್ಕ ಇಡೋದು, ನೂರಾರು ಜನರ ಮುಂದೆ ತಡವರಿಸದೆ ಮಾತಾಡೋದು, ಎಲ್ಲ ಅಲ್ಲೇ ಅಭ್ಯಾಸ. ಹತ್ತು ಜನರ ಮೀಟಿಂಗ್‌ನಲ್ಲಿ ಮೈಕ್ ಅನ್‌ಮ್ಯೂಟ್ ಮಾಡೋಕೇ ಬೆವರುವ ನನ್ನಂಥವರಿಗೆ ಇದು ಎಷ್ಟು ದೊಡ್ಡ ವಿದ್ಯೆ ಅಂತ ಗೊತ್ತು.

ಇಲ್ಲೇ ಇರೋದು ಮಜಾ. ಗಣಿಯ ಮುಖ್ಯಸ್ಥ ಹೆನ್ರಿ ರಿಚರ್ಡ್ ಹ್ಯಾಂಕಾಕ್ ಕೂಡ ಪಕ್ಕಾ ಮೆಥೋಡಿಸ್ಟ್, ಸಂಡೇ ಸ್ಕೂಲ್ ನೋಡಿಕೊಳ್ಳುತ್ತಿದ್ದವರು. ಎಲ್ಲರೂ ಅವರನ್ನು 'ಕ್ಯಾಪ್ಟನ್' ಅಂತಲೇ ಕರೀತಿದ್ದರು. ಹಡಗೇನೂ ಇರಲಿಲ್ಲ, ಕಾರ್ನ್‌ವಾಲ್ ಗಣಿಗಳಲ್ಲಿ ಮ್ಯಾನೇಜರ್‌ಗೆ ಹಾಗೇ ಹೇಳೋದು. ಚರ್ಚಿಗೆ ಹೋಗುವ ಕೂಲಿಕಾರ ಕುಡಿಯಲ್ಲ, ಶಿಸ್ತಾಗಿರುತ್ತಾನೆ ಅನ್ನೋದು ಯಾವ ಮಾಲೀಕನಿಗೂ ಇಷ್ಟದ ಸಂಗತಿ ತಾನೇ? ಆದರೆ 1874ರಲ್ಲಿ ಕಂಪನಿ ಕೂಲಿ ಕಡಿತಕ್ಕೆ ಹೊರಟಾಗ ಮುಷ್ಕರದ ಮುಂದಾಳುಗಳಾದವರಲ್ಲಿ ಇದೇ ಭಾನುವಾರದ ಉಪದೇಶಕರಿದ್ದರು. ಹೆಂಗಸರಂತೂ ಪೊರಕೆ ಹಿಡಿದೇ ಬಂದರು. ಮುಷ್ಕರ ಮುರಿದು ಎಂಜಿನ್ ನಡೆಸುತ್ತಿದ್ದವರನ್ನು ಅಕ್ಷರಶಃ ಗುಡಿಸಿ ಹಾಕಿದರು. ಪೊರಕೆ ಸೇವೆ ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ!

ಮೂಂಟಾದ ಇನ್ನೊಬ್ಬ ಉಪದೇಶಕ ಜಾನ್ ವೆರನ್. ಇವರು ಪ್ರಿಮಿಟಿವ್ ಮೆಥೋಡಿಸ್ಟ್ ಅನ್ನೋ ಬೇರೆ ಶಾಖೆಯವರು. ಹುಡುಗನಾಗಿದ್ದಾಗಲೇ ಗಣಿ ಕೆಲಸಕ್ಕೆ ಸೇರಿದವರು, ಬೆಳೆದ ಮೇಲೆ ರಾತ್ರಿ ಶಾಲೆಗೆ ಹೋಗಿ ಓದು ಬರಹ ಕಲಿತರು. ಕಾರ್ಮಿಕ ಸಂಘದ ಅಧ್ಯಕ್ಷರಾಗಿ, 1910ರಲ್ಲಿ ದಕ್ಷಿಣ ಆಸ್ಟ್ರೇಲಿಯದ ಪ್ರೀಮಿಯರ್ ಆದರು, ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಮಂತ್ರಿಗಳೆಲ್ಲ ಲೇಬರ್ ಪಕ್ಷದವರೇ ಆಗಿದ್ದ ಆ ರಾಜ್ಯದ ಮೊದಲ ಸರ್ಕಾರ ಅವರದ್ದು.

1923ರಲ್ಲಿ ಗಣಿ ಮುಚ್ಚಿತು. ಕೆಲಸ ಹುಡುಕಿಕೊಂಡು ಜನ ಚದುರಿದರು, ದೊಡ್ಡ ಚರ್ಚಿನ ಬೆಂಚುಗಳು ಖಾಲಿಯಾದವು. 1977ರಲ್ಲಿ ಆಸ್ಟ್ರೇಲಿಯದ ಮೆಥೋಡಿಸ್ಟರು ಇನ್ನೆರಡು ಪಂಥಗಳ ಜೊತೆ ಸೇರಿ ಯುನೈಟಿಂಗ್ ಚರ್ಚ್ ಆದಾಗ ಹಳೆಯ ಹೆಸರೂ ಹೋಯಿತು.

ಪಕ್ಕದ ಶಾಲೆ ಈಗ ಮ್ಯೂಸಿಯಂ. ಎರಡು ವರ್ಷಕ್ಕೊಮ್ಮೆ ಕಾರ್ನಿಶ್ ಹಬ್ಬ ನಡೆಯುತ್ತೆ, ಆಗ ಪಾಸ್ಟಿಗೆ ಕ್ಯೂ. ಊರಾಚೆ ಗಣಿಯ ಕಸದ ದಿಬ್ಬಗಳು ಹಾಗೇ ಬಿದ್ದಿವೆ. ಫೋಟೋ ನೋಡಿದಾಗ, ರೈಲಿನ ಕಿಟಕಿಯಿಂದ ಕಾಣುವ ನಮ್ಮ ಕೆಜಿಎಫ್‌ನ ಸೈನೈಡ್ ದಿಬ್ಬಗಳೇ ಅನಿಸಿತು.