ಒಂದು ಪಾವು ಹೆಚ್ಚು

ನಮ್ಮ ಅಡುಗೆಮನೆಯಲ್ಲಿ ಎರಡು ರಾಜ್ಯಗಳಿವೆ. ಬೆಳಗಿನ ರಾಜ್ಯ ನನ್ನ ಪತ್ನಿಯದು. ಸಂಜೆಯದು ನನ್ನ ತಾಯಿಯವರದು. ಈ ವಿಭಾಗ ಯಾವ ಜಗಳದಿಂದಲೂ ಆದುದಲ್ಲವೆಂದು ವಾಚಕರಿಗೆ ಮೊದಲೇ ತಿಳಿಸಿಬಿಡುತ್ತೇನೆ. ಏಕೆಂದರೆ, ಅತ್ತೆ-ಸೊಸೆಯರ ಮಾತೆತ್ತಿದೊಡನೆ ಈ ಪತ್ರಿಕೆಯ ಧಾರಾವಾಹಿಗಳನ್ನು ಓದುವವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುವರೆಂಬುದನ್ನು ನಾನು ಬಲ್ಲೆ. ಅವರು ನಿರಾಶರಾಗಬೇಕಾದೀತು.

ತಂದೆಯವರ ವರ್ಷಾಬ್ದಿಕ ಮುಗಿದ ಮೇಲೆ ತಾಯಿಯವರು ಊರಿನ ಮನೆಗೆ ಬೀಗ ಹಾಕಿ, ಹಾಸನದ ಕಡೆಯ ನಮ್ಮ ಹಳ್ಳಿಯನ್ನು ಬಿಟ್ಟು ಮೈಸೂರಿಗೆ ನಮ್ಮೊಡನೆ ಇರಲು ಬಂದರು. ಬಂದ ಮೊದಲ ವಾರವೇ, ಬೆಳಗಿನ ತಿಂಡಿಯನ್ನು ತಾವು ಮಾಡುವುದಾಗಿ ಹೇಳಿದರು.

“ಬೇಡಿ ಅತ್ತೆ. ಇಷ್ಟು ವರ್ಷ ಮಾಡಿ ದಣಿದಿದ್ದೀರಿ. ಬೆಳಗ್ಗೆ ಆರಾಮವಾಗಿ ಮಲಗಿರಿ” ಎಂದಳು ನನ್ನಾಕೆ. ಪ್ರೀತಿಯಿಂದಲೇ ಎಂದಳು. ಅಮ್ಮ “ಆಗಲಮ್ಮ” ಎಂದರು. ಐದು ಗಂಟೆಗೆ ಏಳುವುದನ್ನು ಮಾತ್ರ ಬಿಡಲಿಲ್ಲ. ಎದ್ದು, ಸ್ನಾನ ಮಾಡಿ, ಹೂ ಬಿಡಿಸಿ ತಂದು, ಹಜಾರದಲ್ಲಿ ಸುಮ್ಮನೆ ಕುಳಿತಿರುತ್ತಿದ್ದರು. ನನ್ನಾಕೆ ಬ್ಯಾಂಕಿನ ಉದ್ಯೋಗಿ. ಎಂಟೂಕಾಲಿಗೆ ಮನೆ ಬಿಡಬೇಕು. ಅದಕ್ಕೆ ಮೊದಲು ಮಗಳಿಗೆ ಜಡೆ ಹಾಕಬೇಕು, ಮೂರು ಡಬ್ಬಿ ತುಂಬಬೇಕು, ನನ್ನ ಕನ್ನಡಕವನ್ನು ಹುಡುಕಿಕೊಡಬೇಕು. ಆ ಹೊತ್ತಿನ ನಮ್ಮ ಅಡುಗೆಮನೆಯನ್ನು ವರ್ಣಿಸಹೊರಟರೆ ಯುದ್ಧಪರ್ವಗಳ ಶೈಲಿಯೇ ಬೇಕಾದೀತು.

ಅಮ್ಮ ತಂದ ಸಾಮಾನು ಬಹಳವಿರಲಿಲ್ಲ. ಒಂದು ಪೆಟ್ಟಿಗೆ, ದೇವರ ಸಂಪುಟ, ಸೀರೆಯಲ್ಲಿ ಕಟ್ಟಿದ ಒಂದು ಗಂಟು. ಬಸ್ಸಿನಿಂದ ಇಳಿಸಿಕೊಳ್ಳುವಾಗ ಗಂಟಿನೊಳಗಿನಿಂದ ಏನೋ ಗಟ್ಟಿಯಾದುದು ನನ್ನ ಮೊಣಕಾಲಿಗೆ ಬಡಿಯಿತು. ಬಿಚ್ಚಿ ನೋಡಿದರೆ ಹಿತ್ತಾಳೆಯ ಪಾವು. ನನ್ನ ಅಜ್ಜಿಯ ಕಾಲದ್ದು. ಹೊರಗೆ ಮೂರು ಬಳೆ ಕೊರೆದಂತಹ ಗೆರೆಗಳು, ಬಾಯಂಚಿನಲ್ಲಿ ಒಂದು ಸಣ್ಣ ನೆಗ್ಗು. ಆ ನೆಗ್ಗು ನನ್ನದೇ ಕೃತಿ. ಐದನೆಯ ವಯಸ್ಸಿನಲ್ಲಿ ಅದನ್ನು ಬಾವಿಕಟ್ಟೆಯ ಮೇಲೆ ಮೃದಂಗವಾಗಿ ನುಡಿಸಿದ್ದೆನಂತೆ.

“ಇಲ್ಲಿ ಅಳೆಯುವುದಕ್ಕೆ ಲೋಟ ಇದೆಯಲ್ಲ ಅಮ್ಮ” ಎಂದೆ.

“ಲೋಟ ಕುಡಿಯುವುದಕ್ಕೆ” ಎಂದರು ಅಮ್ಮ. ಅಲ್ಲಿಗೆ ಚರ್ಚೆ ಮುಗಿಯಿತು.

ಈ ಪಾವು ಬಂದ ಮೇಲೆ ನಮಗೆ ಆದ ಪ್ರಯೋಜನಗಳು ಅನೇಕ. ಅದರ ಬಾಯಿಯಿಂದ ಒತ್ತಿದರೆ ನಿಪ್ಪಟ್ಟುಗಳು ಒಂದೇ ಅಚ್ಚಿನಲ್ಲಿ ಎದ್ದು ಬರುತ್ತವೆ. ಅದರ ತಳದಿಂದ ಏಲಕ್ಕಿಯನ್ನೂ ಶುಂಠಿಯನ್ನೂ ಜಜ್ಜಬಹುದು. ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಇಟ್ಟರೆ, ಪಕ್ಕದ ಮನೆಯ ಬೆಕ್ಕು ಒಂದು ಸಲ ಮೂಸಿ, ನಮ್ಮ ಕುಲವನ್ನೇ ನಿಂದಿಸುವಂತೆ ನೋಡಿ ಹೊರಟುಹೋಗುತ್ತದೆ. ಒಮ್ಮೆ ನಾನು ಉತ್ತರಪತ್ರಿಕೆಗಳು ಹಾರದಿರಲೆಂದು ಅದನ್ನು ಮೇಜಿನ ಮೇಲೆ ಹೇರಿಕೊಂಡಿದ್ದೆ. ಸಂಜೆ ಆರು ಗಂಟೆಗೆ ಅದು ತನ್ನ ಸ್ಥಾನದಲ್ಲಿಲ್ಲದೆ ಮನೆಯಲ್ಲಿ ಎದ್ದ ಗದ್ದಲವನ್ನು ಕಂಡು, ಮತ್ತೆ ಆ ಸಾಹಸಕ್ಕೆ ಕೈಹಾಕಲಿಲ್ಲ.

ಎರಡನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳಿಗೆ ಪಾವು ಹೊಸದು. “ಅಜ್ಜಿ, ಇದು ಎಷ್ಟು ಗ್ರಾಂ?” ಎಂದು ಕೇಳಿದಳು. “ಗ್ರಾಮು ಗೀಮು ನನಗೆ ಗೊತ್ತಿಲ್ಲ. ನಾಲ್ಕು ಚಟಾಕು ಒಂದು ಪಾವು, ನಾಲ್ಕು ಪಾವು ಒಂದು ಸೇರು” ಎಂದರು ಅಮ್ಮ. ಆಗ ನನ್ನೊಳಗಿನ ಮೇಷ್ಟರು ಎಚ್ಚರಗೊಂಡರು. ಪಾವು ಎಂದರೆ ಕಾಲು ಭಾಗ. ಸಂಸ್ಕೃತದ ‘ಪಾದ’ ಶಬ್ದವೇ ಉತ್ತರದ ಭಾಷೆಗಳಲ್ಲಿ ಸವೆದು ಸವೆದು ಪಾವಾಗಿ ನಮ್ಮಲ್ಲಿಗೆ ಬಂದಿತು. ನಾಲ್ಕಾಣೆಯ ಪಾವಲಿಯೂ ಅದರ ದಾಯಾದಿಯೇ. ‘ಸೇರಿಗೆ ಸವ್ವಾಸೇರು’ ಎನ್ನುತ್ತೇವಲ್ಲ, ಆ ಸವ್ವಾ ಎಂಬುದು ‘ಸಪಾದ’. ಎಂದರೆ ಕಾಲು ಭಾಗದೊಡನೆ ಕೂಡಿದ್ದು. ಸೇರಿನ ಎದುರಿಗೆ ಸವ್ವಾಸೇರು ನಿಂತಿತೆಂದರೆ ಅದರ ಹೆಚ್ಚುಗಾರಿಕೆಯೆಲ್ಲ ಸರಿಯಾಗಿ ಒಂದು ಪಾವು. ಇದನ್ನೆಲ್ಲ ನಾನು ಉತ್ಸಾಹದಿಂದ ವಿವರಿಸಿದೆ. ಮಗಳು ಆಕಳಿಸಿದಳು. “ನಿಮ್ಮ ನಿರುಕ್ತದಿಂದ ಅನ್ನ ಬೇಯುವುದಿಲ್ಲ, ಸ್ವಲ್ಪ ಸರಿಯಿರಿ” ಎಂದಳು ಅವಳ ತಾಯಿ.

ಕಾನೂನಿನ ದೃಷ್ಟಿಯಲ್ಲಿ ಪಾವು ಸತ್ತು ಬಹಳ ಕಾಲವಾಯಿತು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ದೇಶ ಮೊದಲು ನಾಣ್ಯವನ್ನು ದಶಮಾಂಶಕ್ಕೆ ತಂದಿತು. 1957ರ ಏಪ್ರಿಲ್ 1ರಿಂದ, ಹದಿನಾರಾಣೆಯ ರೂಪಾಯಿ ನೂರು ನಯಾಪೈಸೆಯ ರೂಪಾಯಿಯಾಯಿತು. ತೂಕ ಅಳತೆಗಳ ಕಾಯಿದೆ 1956ರಲ್ಲೇ ಆಗಿದ್ದು, 1958ರ ಅಕ್ಟೋಬರಿನಿಂದ ಕಿಲೋಗ್ರಾಂ ಲೀಟರುಗಳು ಹಂತಹಂತವಾಗಿ ಅಂಗಡಿಗಳನ್ನು ಹೊಕ್ಕವು. ಎಂಬತ್ತು ತೊಲದ ಸೇರು, ಎಂದರೆ ಇಂದಿನ ಸುಮಾರು 933 ಗ್ರಾಂ, ಅಂಗಡಿಯ ಮೂಲೆ ಸೇರಿತು. ಕೊಳಗವಂತೂ ಊರಿಗೊಂದು ಗಾತ್ರದ್ದಾಗಿತ್ತು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂಬ ಲೆಕ್ಕ ಒಂದೇ ಆದರೂ ಖಂಡುಗದ ಭತ್ತ ಒಂದೇ ಆಗಿರಲಿಲ್ಲ. ಇವೆಲ್ಲ ನಡೆಯುವಾಗ ನಮ್ಮ ಅಮ್ಮ ಇನ್ನೂ ತೊಟ್ಟಿಲಿನಲ್ಲಿದ್ದರು. ಶಾಲೆಯಲ್ಲಿ ಅವರು ಕಲಿತದ್ದು ಕಿಲೋಗ್ರಾಮೇ. ಆದರೆ ಕಾನೂನು ಅಂಗಡಿಯ ಹೊಸ್ತಿಲಲ್ಲಿ ನಿಂತಿತು. ಅಡುಗೆಮನೆಯ ಹೊಸ್ತಿಲನ್ನು ದಾಟಲಿಲ್ಲ. ಮದುವೆಯಾಗಿ ಬಂದ ದಿನ ಅಕ್ಕಿ ತುಂಬಿದ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಬಂದ ಸೊಸೆಗೆ, ಮರುದಿನ ಅತ್ತೆ ಕೈಗೆ ಕೊಟ್ಟದ್ದು ಈ ಪಾವು.

ನಾನು ಅದನ್ನು ತೂಗಿಯೂ ನೋಡಿದೆ. ನನ್ನಾಕೆ ಕೇಕು ಮಾಡಲೆಂದು ಕೊಂಡ ಸಣ್ಣ ತಕ್ಕಡಿಯೊಂದು ನಮ್ಮಲ್ಲಿದೆ. ಅಮ್ಮ ಅಳೆದ ಅಕ್ಕಿ ಮೊದಲ ಸಲ 204 ಗ್ರಾಂ ಬಂದಿತು. ಎರಡನೆಯ ಸಲ 198. ಮೂರನೆಯ ಸಲ 231. “ಇದೇನಮ್ಮ ಹೀಗೆ?” ಎಂದರೆ, “ಮೊದಲಿನ ಎರಡು ನಮಗೆ. ಮೂರನೆಯದು ನೆಂಟರಿಗೆ” ಎಂದರು. ಮನೆಯವರಿಗೆ ಬಾಯಿಗೆ ಸಮನಾಗಿ ಕೈಯಿಂದ ಸವರಿ ಅಳೆಯತಕ್ಕದ್ದು. ಬಂದವರಿಗೆ ಮೇಲೆ ಗೋಪುರ ನಿಲ್ಲುವಂತೆ ಅಳೆಯತಕ್ಕದ್ದು. ಯಾರಿಗೇ ಅಳೆಯಲಿ, ಮೊದಲನೆಯ ಪಾವಿಗೆ ‘ಒಂದು’ ಎನ್ನಕೂಡದು. ‘ಲಾಭ’ ಎನ್ನಬೇಕು. ಲಾಭ, ಎರಡು, ಮೂರು. ನನ್ನ ಮಗಳಿಗೆ ಇದು ಬಹಳ ಹಿಡಿಸಿ, ಗಣಿತದ ಪುಸ್ತಕದಲ್ಲಿಯೂ ಹಾಗೆಯೇ ಬರೆದು ಶಾಲೆಯಲ್ಲಿ ಬೈಸಿಕೊಂಡು ಬಂದಳು.

ಇಷ್ಟಾದ ಮೇಲೆ ನಿಜವಾದ ಸಂಗತಿಗೆ ಬರುತ್ತೇನೆ.

ನಾಲ್ವರ ಮನೆ ನಮ್ಮದು. ರಾತ್ರಿಯ ಊಟಕ್ಕೆ ಒಂದೂವರೆ ಪಾವು ಅಕ್ಕಿ ಧಾರಾಳ. ಅಮ್ಮ ದಿನವೂ ಎರಡೂವರೆ ಪಾವು ಇಡುತ್ತಿದ್ದರು. ಮೊದಲ ಕೆಲವು ದಿನ ಯಾರೂ ಗಮನಿಸಲಿಲ್ಲ. ಅನ್ನ ಉಳಿಯುತ್ತಿತ್ತು, ಬೆಳಗ್ಗೆ ಅದೇ ಚಿತ್ರಾನ್ನವಾಗುತ್ತಿತ್ತು. ಮರುದಿನ ಪುಳಿಯೋಗರೆ. ಅದರ ಮರುದಿನ ಮಾವಿನಕಾಯಿ ಚಿತ್ರಾನ್ನ. ಬಳಿಕ, ಅನ್ನವನ್ನು ಹಿಟ್ಟಿನೊಡನೆ ನಾದಿ ತಟ್ಟಿದ ರೊಟ್ಟಿ. ಮತ್ತೆ ಚಿತ್ರಾನ್ನ. ಒಂದು ತಿಂಗಳಾಗುವಷ್ಟರಲ್ಲಿ ನನ್ನ ಸಹೋದ್ಯೋಗಿಗಳು ನನ್ನ ಡಬ್ಬಿಯ ಬಣ್ಣವನ್ನು ತೆರೆಯದೆಯೇ ಹೇಳಬಲ್ಲವರಾದರು.

ಒಂದು ರಾತ್ರಿ ನನ್ನಾಕೆ ದನಿ ತಗ್ಗಿಸಿ, “ರೀ, ಅತ್ತೆ ದಿನಾ ಒಂದು ಪಾವು ಹೆಚ್ಚಿಗೆ ಹಾಕುತ್ತಾರೆ, ನೋಡಿದಿರಾ?” ಎಂದಳು.

ನಾನು ನೋಡಿದ್ದೆ. ನೋಡಿ, ಅದಕ್ಕೊಂದು ಅರ್ಥವನ್ನೂ ಕಲ್ಪಿಸಿಕೊಂಡಿದ್ದೆ. ನಲವತ್ತು ವರ್ಷ ಒಬ್ಬರಿಗಾಗಿ ಅಳೆದ ಕೈ, ಆ ಒಬ್ಬರು ಇಲ್ಲವೆಂಬುದನ್ನು ಇನ್ನೂ ಕಲಿತಿಲ್ಲ. ಆ ಹೆಚ್ಚಿನ ಪಾವು ನಮ್ಮ ತಂದೆಯವರದು. ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ನನ್ನಾಕೆಯ ಕಣ್ಣಿನಲ್ಲೂ ನೀರಾಡಿತು. ಈ ವಿಷಯವನ್ನು ಅಮ್ಮನ ಮುಂದೆ ಎತ್ತಕೂಡದೆಂದು ಇಬ್ಬರೂ ನಿಶ್ಚಯಿಸಿದೆವು. ಅಂದಿನಿಂದ ಚಿತ್ರಾನ್ನವನ್ನು ನಾನು ಒಂದು ವಿಧವಾದ ಭಕ್ತಿಯಿಂದ ತಿನ್ನತೊಡಗಿದೆ. ಸುಳ್ಳೇಕೆ, ಅದರ ಮೇಲೊಂದು ಕವಿತೆಯನ್ನೂ ಆರಂಭಿಸಿದೆ; ನಾಲ್ಕನೆಯ ಪಂಕ್ತಿಯಲ್ಲಿ ಪ್ರಾಸ ಕೈಕೊಟ್ಟಿತು.

ಆದರೆ ಭಕ್ತಿಯ ಹಿಂದೆಯೇ ಭಯವೂ ಬಂದಿತು. ಇದು ಶೋಕವಲ್ಲದೆ ಮರೆವಾಗಿದ್ದರೆ? ಅರವತ್ತೈದು ದಾಟಿದವರು. ಪತ್ರಿಕೆಗಳಲ್ಲಿ ಏನೇನೋ ಓದುತ್ತೇವೆ. ಹಿಂದಿನ ವಾರ ಅಮ್ಮ ಉಪ್ಪಿನ ಭರಣಿಯನ್ನು ಹುಡುಕಿದ್ದರು. ಕೈಕಾಲಿನ ನೋವಿನ ತೈಲವನ್ನು ಎಲ್ಲಿಟ್ಟೆನೆಂದು ಎರಡು ಸಲ ಕೇಳಿದ್ದರು. ಹೀಗೆ ಲೆಕ್ಕ ಹಾಕಹೊರಟರೆ ಯಾರ ತಲೆಯಲ್ಲಿ ತಾನೇ ದೋಷ ಕಾಣುವುದಿಲ್ಲ! ಎರಡು ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ಅಮ್ಮನ ಮಂಡಿನೋವಿನ ನೆವದಲ್ಲಿ, ಪರಿಚಯದ ವೈದ್ಯರೊಬ್ಬರಿಗೆ ಮೊದಲೇ ಗುಟ್ಟನ್ನು ತಿಳಿಸಿ, ಕರೆದುಕೊಂಡು ಹೋದೆ.

ವೈದ್ಯರು ಮಂಡಿಯನ್ನು ನೋಡಿದಂತೆ ಮಾಡಿ, “ಇವತ್ತು ಯಾವ ದಿನ ತಾಯಿ?” ಎಂದರು.

“ಮಾರ್ಗಶಿರ ಶುದ್ಧ ಪಂಚಮಿ. ಇಂಗ್ಲಿಷ್ ತಾರೀಖು ನಿಮ್ಮ ಹಿಂದೆಯೇ ಗೋಡೆಯ ಮೇಲಿದೆ. ನಿನ್ನೆಯ ಹಾಳೆ ಹರಿದಿಲ್ಲ.”

ವೈದ್ಯರು ತಿರುಗಿ ನೋಡಿ, ಹಾಳೆಯನ್ನು ಹರಿದು, “ನೂರರಲ್ಲಿ ಏಳೇಳನ್ನು ಕಳೆಯುತ್ತಾ ಹೋಗಿ” ಎಂದರು.

“ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು... ಎಲ್ಲಿಯವರೆಗೆ ಹೋಗಬೇಕು? ಕೊನೆಗೆ ಎರಡು ಉಳಿಯುತ್ತದೆ. ಮಂಡಿಗೂ ಇದಕ್ಕೂ ಏನು ಸಂಬಂಧ ಡಾಕ್ಟರೇ?”

ವೈದ್ಯರು ನನ್ನ ಕಡೆ ನೋಡಿದ ನೋಟದಲ್ಲಿ, ಪರೀಕ್ಷೆ ಬೇಕಾಗಿರುವುದು ಯಾರಿಗೆಂಬ ಸಂಶಯ ಸ್ಪಷ್ಟವಾಗಿತ್ತು. ಮಂಡಿಗೆ ಒಂದು ಮುಲಾಮನ್ನು ಬರೆದುಕೊಟ್ಟು ಕಳುಹಿಸಿದರು.

ಆಟೋದಲ್ಲಿ ಬರುವಾಗ ಅಮ್ಮ ಬಹಳ ಹೊತ್ತು ಮಾತನಾಡಲಿಲ್ಲ. ಮನೆಯ ತಿರುವಿನ ಬಳಿ, “ಏನಪ್ಪಾ, ನನಗೆ ಅರಳುಮರಳು ಹಿಡಿಯಿತೆಂದು ನೋಡಿಸುವುದಕ್ಕೆ ಕರೆದುಕೊಂಡು ಹೋಗಿದ್ದೆಯಾ?” ಎಂದರು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಎಲ್ಲವನ್ನೂ ಹೇಳಿದೆ. ಹೆಚ್ಚಿನ ಪಾವು, ಅದು ಅಪ್ಪನ ಪಾಲೆಂದು ನಾವು ಊಹಿಸಿದ್ದು, ಮರೆವೇನೋ ಎಂಬ ಹೆದರಿಕೆ. ಕವಿತೆಯ ವಿಷಯವೊಂದನ್ನು ಬಿಟ್ಟು.

ಅಮ್ಮ ನನ್ನ ಮುಖವನ್ನೇ ನೋಡಿದರು. “ನಿಮ್ಮಪ್ಪನಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಎಂಟು ವರ್ಷ ರಾತ್ರಿ ಅನ್ನ ಮುಟ್ಟಿದ್ದಾರೇನೋ? ಎರಡು ಚಪಾತಿ. ಒಂದು ದಿನ ತಪ್ಪಿಲ್ಲ. ನಿನಗೆ ನೆನಪಿಲ್ಲವೇ?”

ನನಗೆ ನೆನಪಿರಲಿಲ್ಲ. ಆ ಎಂಟು ವರ್ಷವೂ ನಾನು ಹಬ್ಬಕ್ಕೆ ಹೋದವನು, ರಜೆಗೆ ಹೋದವನು. ಪಕ್ಕದಲ್ಲಿಯೇ ಎಲೆ ಹಾಕಿಕೊಂಡು ಉಂಡವನು. ಅವರ ತಟ್ಟೆಯಲ್ಲಿ ಏನಿತ್ತೆಂದು ಈಗ ಎಷ್ಟು ಕಣ್ಣು ಮುಚ್ಚಿದರೂ ನನಗೆ ಕಾಣುವುದಿಲ್ಲ.

“ಹಾಗಾದರೆ ಆ ಒಂದು ಪಾವು ಯಾರಿಗೆ ಅಮ್ಮ?”

“ಅವಳಿಗೆ” ಎಂದರು ಅಮ್ಮ. “ಬೆಳಗ್ಗೆ ಆ ಹುಡುಗಿ ಪಡುವ ಪಾಡನ್ನು ಹಜಾರದಲ್ಲಿ ಕುಳಿತು ನೋಡುವುದಕ್ಕಾಗುತ್ತದೆಯೇ? ನಾನು ತಿಂಡಿ ಮಾಡುತ್ತೇನೆಂದರೆ ಬೇಡವೆನ್ನುತ್ತಾಳೆ. ನನ್ನ ಮೇಲಿನ ಅಕ್ಕರೆಗೇ ಅನ್ನುತ್ತಾಳೆ, ಗೊತ್ತು. ಅನ್ನ ಉಳಿದಿದ್ದರೆ ಒಂದು ಒಗ್ಗರಣೆಗೆ ಮುಗಿಯುತ್ತದಲ್ಲ. ಕಾಲು ಗಂಟೆಯಾದರೂ ಕುಳಿತು ಕಾಫಿ ಕುಡಿಯುತ್ತಾಳೆ.”

ನನ್ನಾಕೆಗೆ ಇದನ್ನು ಹೇಳಿದಾಗ ಅವಳು ಏನೂ ಮಾತನಾಡದೆ ಒಳಗೆ ಹೋದಳು. ಅಡುಗೆಮನೆಯಲ್ಲಿ ಅತ್ತೆ-ಸೊಸೆಯರು ಏನು ಮಾತನಾಡಿಕೊಂಡರೋ ನನಗೆ ತಿಳಿಯದು. ಬಾಗಿಲ ಬಳಿ ನಿಂತು ಕೇಳಲು ಯತ್ನಿಸಿದ ನನ್ನನ್ನು ಕೊತ್ತಂಬರಿ ಸೊಪ್ಪು ತರಲು ಕಳುಹಿಸಿದರು. ಹಿಂದಿರುಗಿ ಬರುವಷ್ಟರಲ್ಲಿ ರಾಜ್ಯಗಳ ಗಡಿ ಬದಲಾಗಿತ್ತು. ಸೋಮವಾರ, ಬುಧವಾರ, ಶುಕ್ರವಾರಗಳ ಬೆಳಗು ಅಮ್ಮನಿಗೆ. ಉಳಿದದ್ದು ಅವಳಿಗೆ. ಭಾನುವಾರವನ್ನು ನನ್ನ ಹೆಸರಿಗೆ ಬರೆದಿದ್ದರು. ನನ್ನನ್ನು ಯಾರೂ ಕೇಳಿರಲಿಲ್ಲ.

ಆ ಸಂಜೆ ಅಮ್ಮ ಅಕ್ಕಿಯ ಡಬ್ಬಿಯ ಮುಂದೆ ಕುಳಿತು, “ಇವತ್ತು ಎಷ್ಟು ಅಳೆಯಲಮ್ಮಾ?” ಎಂದು ಕೇಳಿದರು.

“ಒಂದೂವರೆ ಸಾಕು ಅತ್ತೆ. ನಾಳೆ ನೀವೇ ಅಕ್ಕಿರೊಟ್ಟಿ ತಟ್ಟುತ್ತೀರಲ್ಲ” ಎಂದಳು ನನ್ನಾಕೆ.

“ಹಾಗಾದರೆ ಚಿತ್ರಾನ್ನ?” ಎಂದು ಹೊರಗಿನಿಂದ ಓಡಿ ಬಂದಳು ನನ್ನ ಮಗಳು. ಇಡೀ ಮನೆಯಲ್ಲಿ ಈ ಆರು ತಿಂಗಳೂ ಅದನ್ನು ಮನಸಾರೆ ಮೆಚ್ಚಿ ತಿಂದವಳು ಅವಳೊಬ್ಬಳೇ ಎಂಬುದು ನಮಗಾರಿಗೂ ಹೊಳೆದಿರಲಿಲ್ಲ. ಯಾರೂ ಉತ್ತರ ಕೊಡದಿರಲು, ಅಜ್ಜಿಯ ಕೈಯಿಂದ ಪಾವನ್ನು ಕಿತ್ತುಕೊಂಡು, ಡಬ್ಬಿಗೆ ಮೊಳಕೈಯವರೆಗೂ ಕೈಯಿಳಿಸಿ, ಗೋಪುರ ನಿಲ್ಲುವಂತೆ ತುಂಬಿ, ಅರ್ಧವನ್ನು ನೆಲಕ್ಕೆ ಚೆಲ್ಲುತ್ತ ಪಾತ್ರೆಗೆ ಸುರಿದು, “ಲಾಭ!” ಎಂದಳು.