ಮುಂದಿನ ಸಾಲಿನ ಅಜ್ಜ

ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುವವರೆಗೆ ಪುತ್ತೂರು, ಸುಳ್ಯ, ಕಡಬಗಳ ಯಾವುದಾದರೊಂದು ಬಯಲಿನಲ್ಲಿ ರಾತ್ರಿಯೆಲ್ಲ ಚೆಂಡೆಯ ಸದ್ದು ಕೇಳಿಸುತ್ತಿರುತ್ತದೆ. ಅಲ್ಲಿ ಮೊಮ್ಮಗನನ್ನು ಪಕ್ಕದಲ್ಲಿ ಮಲಗಿಸಿಕೊಂಡು, ಬಣ್ಣದ ವೇಷ ಅಬ್ಬರಿಸುತ್ತ ಬರುವ ಹೊತ್ತಿಗೆ ಅವನನ್ನು ತಟ್ಟಿ ಎಬ್ಬಿಸುವ ಅಜ್ಜನನ್ನು ಕಂಡು ನಗುವವರಿಲ್ಲ. ಅದೇ ಅಜ್ಜ ಮಳೆಗಾಲದ ಸಂಜೆ ಜಗಲಿಯಲ್ಲಿ ಕುಳಿತು ಜಪಾನಿನ ಅನಿಮೆ ಚಿತ್ರವನ್ನು ನೋಡುತ್ತಲೋ, ಮೊಬೈಲಿನಲ್ಲಿ ಆಟವಾಡುತ್ತಲೋ ಇದ್ದರೆ ಮಾತ್ರ, “ಅಜ್ಜಾ, ನೀವೂ ಇದನ್ನು ನೋಡುವುದಾ?” ಎಂಬ ಪ್ರಶ್ನೆ ಏಳುತ್ತದೆ. ಅಜ್ಜ “ಸುಮ್ಮನೆ ನೋಡಿದ್ದು” ಎಂದು ಫೋನನ್ನು ಮಗುಚಿ ಇಡುತ್ತಾರೆ. ಅಲ್ಲಿಗೆ ಇಬ್ಬರ ನಡುವೆ ತೆರೆಯಬಹುದಾಗಿದ್ದ ಒಂದು ಬಾಗಿಲು ಮುಚ್ಚಿತು.

ಈ ಸಂಕೋಚಕ್ಕೆ ಆಧಾರವೇನು? ಅನಿಮೆ ನಿನ್ನೆ ಮೊನ್ನೆ ಹುಟ್ಟಿದ ಕೂಸಲ್ಲ. ಒಸಾಮು ತೆಜುಕಾ ಅವರ ‘ಆಸ್ಟ್ರೋ ಬಾಯ್’ ಜಪಾನಿನ ದೂರದರ್ಶನದಲ್ಲಿ ಮೊದಲು ಕಾಣಿಸಿದ್ದು 1963ರ ಜನವರಿ 1ರಂದು. ಅಂದು ಹತ್ತು ವರ್ಷದವರಾಗಿದ್ದವರು ಇಂದು ಎಪ್ಪತ್ತು ದಾಟಿದ್ದಾರೆ. ‘ಸ್ಪೇಸ್ ಇನ್ವೇಡರ್ಸ್’ ಎಂಬ ಯಂತ್ರದಾಟ ಬಂದದ್ದು 1978ರಲ್ಲಿ. ಭಾರತದಲ್ಲಿಯೂ 1993ರಲ್ಲಿ ದೂರದರ್ಶನ ತೋರಿಸಿದ ಮೋಗ್ಲಿಯ ಕಥೆ ಜಪಾನಿನವರು ರಚಿಸಿದ ಚಿತ್ರಮಾಲೆಯೇ. ಅದನ್ನು ಅನಿಮೆ ಎಂದು ತಿಳಿಯದೆಯೇ ಮೆಚ್ಚಿದ ಮಕ್ಕಳಿಗೆ ಈಗ ನಲವತ್ತು ಮೀರಿದೆ. ಯುಗೊ ಸಾಕೊ ಮತ್ತು ರಾಮ್ ಮೋಹನ್ ಅವರು ದುಡಿದ ಜಪಾನ್–ಭಾರತಗಳ ‘ರಾಮಾಯಣ’ ಚಿತ್ರ 2025ರ ಜನವರಿಯಲ್ಲಿ ಇಲ್ಲಿನ ಚಿತ್ರಮಂದಿರಗಳಿಗೆ ಬಂದಾಗ, ಬಾಲ್ಯದಲ್ಲಿ ಅದನ್ನು ಕಿರುತೆರೆಯ ಮೇಲೆ ಕಂಡಿದ್ದವರು ತಂದೆ ತಾಯಿಗಳಾಗುವ ವಯಸ್ಸಿಗೆ ಬಂದಿದ್ದರು. ಜಪಾನಿನ ಹಮಾಕೊ ಮೋರಿ ಎಂಬ ಅಜ್ಜಿಯಂತೂ ತಾವು ಆಡುವ ಆಟಗಳನ್ನು ಲೋಕಕ್ಕೆ ತೋರಿಸುತ್ತ, 2020ರಲ್ಲಿ ತೊಂಬತ್ತರ ಪ್ರಾಯದಲ್ಲಿ ಗಿನ್ನೆಸ್ ದಾಖಲೆಗೆ ಪಾತ್ರರಾದರು.

ಪುತ್ತೂರಿಗೆ ಇದು ಹೊಸ ಪಾಠವೂ ಅಲ್ಲ. 1936ರಲ್ಲಿ ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ರಚಿಸಿದ ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿಯೂ ಯಕ್ಷಗಾನದ ಹೆಜ್ಜೆ ಹಾಕಿದರು, ಅವರ ಬಾಲವನ ಇಂದಿಗೂ ಮಕ್ಕಳ ಹೆಸರನ್ನೇ ಹೊತ್ತು ನಿಂತಿದೆ. 2021ರಲ್ಲಿ ನಿಧನರಾದ ಪುತ್ತೂರು ಶ್ರೀಧರ ಭಂಡಾರಿಯವರು ಪ್ರಾಯ ಸಂದ ಮೇಲೂ ಅಭಿಮನ್ಯುವಾಗಿ ರಂಗಸ್ಥಳದಲ್ಲಿ ಧಿಗಿಣ ಹಾಕಿದರು. ಹದಿನಾರರ ಬಾಲವೀರನನ್ನು ಹಿರಿಯರು ಆಡಿ ತೋರಿಸಬಹುದಾದರೆ, ಇನ್ನೊಂದು ದೇಶದ ಬಾಲವೀರನನ್ನು ಹಿರಿಯರು ಕುಳಿತು ನೋಡುವುದರಲ್ಲಿ ತಪ್ಪೇನು?

ಆದರೂ ಎಳೆಯರ ಕೂಟದಲ್ಲಿ ಹಿರಿಯರ ದಾರಿ ಸುಗಮವಲ್ಲ. ಆಟದಲ್ಲಿ ಬೆರಳು ನಿಧಾನ; ಜತೆಗಾರರಿಗೆ ಅಸಹನೆ. ಈ ತೊಡಕಿನಿಂದ ಪಾರಾಗಲು ಕೆಲವರು ಎಳೆಯರ ಮಾತಿನ ಧಾಟಿಯನ್ನು ಅನುಕರಿಸಿ ನಗೆಪಾಟಲಾಗುತ್ತಾರೆ. ಇನ್ನು ಕೆಲವರು “ನಮ್ಮ ಕಾಲದಲ್ಲಿ” ಎಂದು ಆರಂಭಿಸಿ ನ್ಯಾಯಪೀಠವನ್ನೇರುತ್ತಾರೆ. ಎರಡೂ ರಸಭಂಗವೇ. ತಿಳಿಯದುದನ್ನು ಕಿರಿಯರಲ್ಲಿ ಕೇಳಿ ಕಲಿಯುವುದು, ತಿಳಿದ ಕಥೆಯ ಕೊನೆಯನ್ನು ಮೊದಲೇ ಹೇಳಿಬಿಡದಿರುವುದು ಹಿರಿತನಕ್ಕೆ ಭೂಷಣ. ಮತ್ತೊಂದು ಎಚ್ಚರವೂ ಬೇಕು. ಪರರ ಮಕ್ಕಳೊಡನೆ ಆಡುವಾಗ ಎಲ್ಲವೂ ಅವರ ತಂದೆ ತಾಯಿಗಳಿಗೆ ತಿಳಿದಂತೆಯೇ ನಡೆಯಬೇಕು. ಗುಟ್ಟಿನ ಮಾತಿಗೂ ಉಡುಗೊರೆಗೂ ಅಲ್ಲಿ ಸ್ಥಳವಿಲ್ಲ. ಮನೆಯವರ ಶಂಕೆಯನ್ನು ಅವಮಾನವೆಂದು ಎಣಿಸದೆ, ಅದು ಅವರ ಕರ್ತವ್ಯವೆಂದು ಒಪ್ಪುವುದೇ ಲೇಸು.

ಮನೆಯ ಎಳೆಯರಿಗೂ ಒಂದು ಮಾತುಂಟು. ಉದ್ಯೋಗ ಮುಗಿದು, ಸರೀಕರು ಒಬ್ಬೊಬ್ಬರಾಗಿ ಕಣ್ಮರೆಯಾದ ಮೇಲೆ ಹಿರಿಯರಿಗೆ ದೊರೆಯುವ ಸಂಗಡ ಕಡಿಮೆ. ಒಂದು ಕಥೆಯ ಮುಂದಿನ ಕಂತಿಗಾಗಿ ಕಾಯುವ ಆಸೆ ಅವರಲ್ಲಿ ಉಳಿದಿದ್ದರೆ, ಅದನ್ನು ನಗೆಯಿಂದ ನಂದಿಸಬಾರದು.

ಬಯಲಾಟದಲ್ಲಿ ಒಳ್ಳೆಯ ವೇಷ ತಪ್ಪಿಹೋಗದಂತೆ ಮೊಮ್ಮಗನನ್ನು ಎಬ್ಬಿಸಿದವರು ಅಜ್ಜ. ಇಂದು ಜಗಲಿಯಲ್ಲಿ ಅಜ್ಜನಿಗೆ ತೂಕಡಿಕೆ ಬಂದಾಗ ಮೊಮ್ಮಗ ಅವರ ಭುಜ ತಟ್ಟಿ, “ಅಜ್ಜಾ, ಈಗ ನೋಡಿ” ಎಂದರೆ ಸಾಕು. ಹಳೆಯ ಋಣವೊಂದು ಸಂದಂತಾಗುತ್ತದೆ.